ಮಾವನ ಮನೆಗೆ ಡ್ರೋನ್ ಹೊತ್ತುಕೊಂಡು

ಹೊರಡುವ ಹಿಂದಿನ ರಾತ್ರಿ ಸುಮ್ನೆ ಕುತೂಹಲಕ್ಕೆ ಬ್ಯಾಗ್ ತೂಕ ಹಾಕಿದೆ. ಬಟ್ಟೆ ಎರಡೂವರೆ ಕೆಜಿ. ಗ್ಯಾಜೆಟ್ ನಾಲ್ಕು ಕೆಜಿ. ಎರಡು ಫೋನ್, ಟ್ಯಾಬ್ಲೆಟ್, ಪವರ್ ಬ್ಯಾಂಕ್, ಇಯರ್‌ಬಡ್ಸ್, ಮೂರು ಚಾರ್ಜರ್, ಒಂದಕ್ಕೊಂದು ಗಂಟು ಹಾಕಿಕೊಂಡ ಕೇಬಲ್‌ಗಳು, ಮತ್ತೆ ಹೊಸ ಡ್ರೋನ್. ಡ್ರೋನ್ ತೂಕ 249 ಗ್ರಾಂ ಅಂತ ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿದ್ದಾರೆ. ರಿಮೋಟು, ಎರಡು ಬ್ಯಾಟರಿ, ಚೀಲ ಎಲ್ಲ ಸೇರಿದರೆ ಒಂದು ಕೆಜಿ ದಾಟುತ್ತದೆ. ಅದನ್ನು ಎಲ್ಲೂ ಬರೆದಿಲ್ಲ.

ಹೆಂಡತಿ ಮಗಳನ್ನು ಕರೆದುಕೊಂಡು ಆಗಲೇ ಕಲಬುರಗಿಯ ತವರಿಗೆ ಹೋಗಿದ್ದಳು. ತವರಿಗೆ ಹೋದ ಎರಡನೇ ದಿನಕ್ಕೆ ಅವಳ ಮಾತು ಬದಲಾಗುತ್ತದೆ. ಫೋನಿನಲ್ಲಿ ಕೇಳಿದಳು: "ಏಪ್ರಿಲ್‌ನಾಗ ಬರ್ಲತ್ತೀರಿ. ಟೋಪಿ ಇಟ್ಕೊಂಡೀರಿಲ್ಲೋ?"

ಟೋಪಿ ಇಟ್ಟುಕೊಂಡಿರಲಿಲ್ಲ.

ಮೊದಲ ದಿನ: ರೈಲು

ಬೆಂಗಳೂರು ಬಿಡುವಾಗ ಸಂಜೆ. ನನ್ನ ಬರ್ತ್ ಸುತ್ತ ನಾಲ್ಕು ಫೋನ್, ನಾಲ್ಕರಲ್ಲೂ ಬೇರೆ ಬೇರೆ ರೀಲ್ಸ್, ಯಾರ ಕಿವಿಯಲ್ಲೂ ಇಯರ್‌ಫೋನ್ ಇಲ್ಲ. ಸದ್ದು ತಡೆಯುವ ಇಯರ್‌ಬಡ್ಸ್ ದುಬಾರಿ ಅಂತ ಬೈದುಕೊಂಡೇ ಕೊಂಡಿದ್ದೆ. ಆ ಒಂದು ರಾತ್ರಿಗೆ ಅದರ ಅರ್ಧ ದುಡ್ಡು ವಸೂಲಾಯಿತು. ಆದರೆ ಒಂದು ಮಾತು: ಅದು ರೈಲಿನ ಗಡಗಡವನ್ನು ಚೆನ್ನಾಗಿ ನುಂಗುತ್ತದೆ, ಮನುಷ್ಯರ ಮಾತನ್ನು ಅಷ್ಟಾಗಿ ನುಂಗುವುದಿಲ್ಲ. ಒಂದೇ ಸಮನೆ ಬರುವ ತಗ್ಗು ಸದ್ದಿಗೆ ಎದುರು ಸದ್ದು ಹುಟ್ಟಿಸಿ ಹೊಡೆದು ಹಾಕುವುದು ಸುಲಭ. ಏರಿಳಿಯುವ ಮಾತಿಗೆ ಅದು ಕಷ್ಟ. ಹಾಗಾಗಿ ಎದುರಿನ ಅಜ್ಜ ಜಮೀನಿನ ಕೇಸ್ ಬಗ್ಗೆ ಫೋನಿನಲ್ಲಿ ಹೇಳಿದ್ದೆಲ್ಲ ನನಗೂ ಗೊತ್ತಾಯಿತು. ಗಾಲಿಯ ಸದ್ದಿಲ್ಲದೆ, ಇನ್ನೂ ಸ್ಪಷ್ಟವಾಗಿ!

ನೋಡಲು ಒಂದು ಸೀರೀಸ್‌ನ ಆರು ಕಂತು ಡೌನ್‌ಲೋಡ್ ಮಾಡಿಟ್ಟಿದ್ದೆ. ಗುಂತಕಲ್ಲಿಗೂ ಮುಂಚೆಯೇ ನೆಟ್‌ವರ್ಕ್ ಹೋಯಿತು. ಆ್ಯಪ್ ತೆರೆದರೆ, 'ಡೌನ್‌ಲೋಡ್ ಅವಧಿ ಮುಗಿದಿದೆ, ಇಂಟರ್ನೆಟ್‌ಗೆ ಸಂಪರ್ಕಿಸಿ' ಎಂದಿತು. ಇಂಟರ್ನೆಟ್ ಇಲ್ಲದಾಗ ನೋಡಲಿಕ್ಕೇ ಅಲ್ವಾ ಡೌನ್‌ಲೋಡ್ ಮಾಡುವುದು? ದುಡ್ಡು ಕೊಟ್ಟವನಿಗೆ ಈ ಗತಿ. ಪಕ್ಕದ ಬರ್ತಿನ ಕಾಲೇಜು ಹುಡುಗ ಪೆನ್‌ಡ್ರೈವಿನಲ್ಲಿ ತಂದ ಸಿನಿಮಾ ಆರಾಮಾಗಿ ನೋಡುತ್ತಿದ್ದ.

ಅವನು ಯಾದಗಿರಿಯವನು. ನನ್ನ ಪವರ್ ಬ್ಯಾಂಕ್ ನೋಡಿ ಕೇಳಿದ: "ಅಣ್ಣಾ, ನಂದೂ ಇಂಥದ್ದೇ ಅದ. ಇಪ್ಪತ್ತು ಸಾವಿರ ಅಂತ ಬರ್ದಾರ. ನನ್ನ ಫೋನ್ ಐದು ಸಾವಿರ. ನಾಕ್ ಸಲ ಆಗ್ಬೇಕಲ್ಲ? ಮೂರು ಸಲಾನೂ ಆಗಂಗಿಲ್ಲ."

ಇದು ನನಗೆ ಇಷ್ಟವಾದ ವಿಷಯ, ಬಿಡುತ್ತೇನಾ. 20,000 ಎಂಬುದು ಮಿಲಿಆಂಪ್-ಅವರ್, ಅದೂ ಒಳಗಿನ ಸೆಲ್ಲಿನ 3.7 ವೋಲ್ಟ್ ಲೆಕ್ಕ. ಎರಡನ್ನೂ ಗುಣಿಸಿ ಸಾವಿರದಿಂದ ಭಾಗಿಸಿದರೆ 74 ವ್ಯಾಟ್-ಅವರ್. ಫೋನಿನದು ಸುಮಾರು 19. ಭಾಗಿಸಿದರೆ ನಾಲ್ಕಕ್ಕೆ ಸ್ವಲ್ಪ ಕಡಿಮೆ. ಆದರೆ ಕರೆಂಟು ಕೇಬಲ್‌ಗೆ ಹೋಗಬೇಕಾದರೆ ವೋಲ್ಟೇಜ್ ಏರಿಸಬೇಕು, ಫೋನಿನ ಒಳಗೆ ಮತ್ತೆ ಇಳಿಸಬೇಕು. ಎರಡೂ ಕಡೆ ಒಂದಿಷ್ಟು ಬಿಸಿಯಾಗಿ ಹೋಗುತ್ತದೆ. ಕೊನೆಗೆ ಕೈಗೆ ಸಿಗುವುದು ಎರಡೂವರೆ, ಹೆಚ್ಚೆಂದರೆ ಮೂರು ಸಲ. ಮೋಸ ಅಲ್ಲ, ಹಾಲಿನ ಡಬ್ಬಿಯ ಮೇಲೆ ಕಾಯಿಸುವ ಮುಂಚಿನ ಅಳತೆ ಬರೆದ ಹಾಗೆ.

ಹುಡುಗ ಸ್ವಲ್ಪ ಹೊತ್ತು ಯೋಚಿಸಿ, "ಅಂದ್ರ ಉಳಿದಿದ್ದು ಬಿಸಿ ಆಗಿ ಹೋತು," ಎಂದ. "ನಮ್ಮೂರಾಗ ಬಿಸಿಗೇನು ಕಮ್ಮಿ ಇಲ್ರಿ."

ಬೆಳಗಾಗುವಾಗ ರಾಯಚೂರು ದಾಟಿ ಕೃಷ್ಣಾ ಸೇತುವೆಯ ಮೇಲಿದ್ದೆವು. ಹೊಳೆಯಲ್ಲಿ ನೀರಿಗಿಂತ ಬಂಡೆಯೇ ಜಾಸ್ತಿ. ಫೋಟೋ ತೆಗೆಯೋಣ ಅಂದರೆ ಸೇತುವೆಯ ಕಬ್ಬಿಣ ಅಡ್ಡ ಬಂತು. ಯಾದಗಿರಿಯಲ್ಲಿ ಹುಡುಗ ಇಳಿದು, ಬೆಟ್ಟದ ಮೇಲಿನ ಕೋಟೆಯನ್ನು ಕೈ ಮಾಡಿ ತೋರಿಸಿ ಹೋದ.

ಎರಡನೇ ದಿನ: ಕಲಬುರಗಿ

ಬಾಮೈದ ಸ್ಟೇಷನ್ನಿಗೆ ಕಾರು ತಂದಿದ್ದ. ಈ ಕಡೆ ಅಕ್ಕನ ಗಂಡನಿಗೆ ಮಾಮಾ ಅನ್ನುತ್ತಾರೆ. ಮದುವೆಯಾಗಿ ಒಂಬತ್ತು ವರ್ಷವಾದರೂ ಅವನು ಮಾಮಾ ಅಂದಾಗ ನಾನು ಹಿಂದೆ ಯಾರಾದರೂ ಇದ್ದಾರಾ ಅಂತ ತಿರುಗಿ ನೋಡುತ್ತೇನೆ.

ಗಾಜಿಗೆ ಅಂಟಿಸುವ ಹೋಲ್ಡರ್ ತೆಗೆದು ಫೋನ್ ಸಿಕ್ಕಿಸಿದೆ. ಅವನು ನಕ್ಕ. "ಮಾಮಾ, ಅಲ್ಲಿಟ್ರ ಹುರೀತದ. ಎಸಿ ಬಾಯಿ ಮುಂದ ಸಿಕ್ಕಸ್ರಿ." ಕೇಳಲಿಲ್ಲ. ತಿಂಡಿ ಮುಗಿಸಿ ಕೋಟೆಗೆ ಹೊರಟು ಹತ್ತು ನಿಮಿಷಕ್ಕೆ ಪರದೆ ಮಂಕಾಯಿತು. ಮತ್ತೆ ಐದು ನಿಮಿಷಕ್ಕೆ ಚಾರ್ಜ್ ಆಗುವುದು ನಿಂತಿತು. ಕೋಟೆ ಬಾಗಿಲಿಗೆ ಬರುವಷ್ಟರಲ್ಲಿ 'ಫೋನ್ ತಣ್ಣಗಾಗಬೇಕು' ಅಂತ ಬಂತು. ಸಾಮಾನ್ಯವಾಗಿ ಫೋನನ್ನು ಸೊನ್ನೆಯಿಂದ 35 ಡಿಗ್ರಿಯ ಒಳಗೆ ಬಳಸಿ ಅನ್ನುತ್ತಾರೆ. ಲಿಥಿಯಂ ಬ್ಯಾಟರಿ ಬಿಸಿಯಲ್ಲಿ ಬೇಗ ಮುದಿಯಾಗುತ್ತದೆ, ಅದಕ್ಕೇ ಫೋನ್ ತಾನೇ ಕೆಲಸ ಕಡಿಮೆ ಮಾಡಿಕೊಳ್ಳುತ್ತದೆ. ಸರಿಯೇ. ಆದರೆ ಇಲ್ಲಿ ಏಪ್ರಿಲ್‌ನಲ್ಲಿ ಬೆಳಗ್ಗೆ ಹತ್ತಕ್ಕೇ 35 ದಾಟಿರುತ್ತದೆ. ಫೋನ್ ವಿಮರ್ಶೆ ಮಾಡುವವರೆಲ್ಲ ಎಸಿ ಕೋಣೆಯಲ್ಲಿ ಕೂತು ಗೇಮ್ ಆಡಿ 'ಬಿಸಿ ಆಗಲ್ಲ' ಅನ್ನುತ್ತಾರೆ. ಒಮ್ಮೆ ಇಲ್ಲಿಗೆ ಬಂದು ಹೇಳಲಿ.

ಡ್ರೋನ್ ಕಾರಿನಲ್ಲೇ ಉಳಿಯಿತು. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಗೊತ್ತಿದ್ದೂ ತಂದಿದ್ದೆ, ಅದು ಬೇರೆ ಮಾತು.

ಕೋಟೆಯ ಒಳಗಿನ ಜಾಮಿ ಮಸೀದಿಯದ್ದು 1367ರ ಕಟ್ಟಡ. 1347ರಲ್ಲಿ ಬಹಮನಿ ರಾಜ್ಯ ಶುರುವಾದ ಮೇಲೆ ಕಲಬುರಗಿಯೇ ರಾಜಧಾನಿ. ಕಟ್ಟಿದವನು ಇರಾನಿನ ಕಜ್ವೀನ್ ಕಡೆಯ ರಫಿ. ಸಾಮಾನ್ಯವಾಗಿ ಮಸೀದಿಯ ಮುಂದೆ ತೆರೆದ ಅಂಗಳ ಇರುತ್ತದೆ. ಇಲ್ಲಿ ಅಂಗಳವೇ ಇಲ್ಲ. 216 ಅಡಿ ಉದ್ದ, 176 ಅಡಿ ಅಗಲ, ಅಷ್ಟಕ್ಕೂ ಮೇಲೆ ಮುಚ್ಚಿಗೆ, ಸಾಲು ಸಾಲು ಸಣ್ಣ ಗುಮ್ಮಟ. ರಫಿ ಯಾಕೆ ಹಾಗೆ ಕಟ್ಟಿದನೋ, ನಾನಂತೂ ಹೊರಗಿನ ಬಿಸಿಲಿನಿಂದ ಒಳಗೆ ಕಾಲಿಟ್ಟ ಕೂಡಲೇ ಅವನಿಗೆ ಕೈ ಮುಗಿದೆ. ಫೋನು ಐದೇ ನಿಮಿಷದಲ್ಲಿ ಸರಿಹೋಯಿತು.

ಒಳಗೆ ಕಮಾನಿನ ಹಿಂದೆ ಕಮಾನು. ಹತ್ತಿರದ್ದು ಬೆಳಕಲ್ಲಿ, ಅದರಾಚೆಯದು ಬೂದು, ಅದರಾಚೆಯದು ಕಪ್ಪು. ಕ್ಲಿಕ್ಕಿಸಿದೆ. ಫೋನು ಐದಾರು ಚಿತ್ರ ಸೇರಿಸಿ, ಕತ್ತಲೆಯನ್ನೆಲ್ಲ ಎತ್ತಿ, ಮದುವೆ ಮಂಟಪದ ಹಾಗೆ ಬೆಳಗಿಸಿಬಿಟ್ಟಿತು. ಕೊನೆಯ ಕಮಾನಿನ ಸುಣ್ಣದ ಬಿರುಕೂ ಕಾಣುತ್ತಿದೆ. ಕಣ್ಣಿಗೆ ಕಂಡದ್ದು ಅದಲ್ಲವೇ ಅಲ್ಲ. ಈಗಿನ ಫೋನ್ ಕ್ಯಾಮೆರಾಗಳ ಮೇಲೆ ನನ್ನ ದೊಡ್ಡ ತಕರಾರು ಇದೇ. ಅವಕ್ಕೆ ಕತ್ತಲೆ ಅಂದರೆ ತಪ್ಪು, ತಿದ್ದಲೇಬೇಕು. ಪ್ರೋ ಮೋಡಿಗೆ ಹೋಗಿ ಬೆಳಕು ಎರಡು ಹಂತ ಇಳಿಸಿ ತೆಗೆದೆ. ಆಗ ಸ್ವಲ್ಪ ಮಸೀದಿ ಅನ್ನಿಸಿತು.

ಹತ್ತಿರದಲ್ಲೇ ಉದ್ದನೆಯ ತೋಪು. 29 ಅಡಿ, ಜಗತ್ತಿನಲ್ಲೇ ಉದ್ದದ್ದು ಅನ್ನುತ್ತಾರೆ. ಫೋನಿನಲ್ಲಿ ಅಳತೆ ಮಾಡುವ ಆ್ಯಪ್ ಇದೆಯಲ್ಲ, ಹಿಡಿದೆ. ಮೊದಲ ಸಲ 26 ಅಡಿ. ಎರಡನೇ ಸಲ 31. ಬಾಮೈದ ಬಿಸಿಲಿಗೆ ಕಣ್ಣು ಕಿರಿದು ಮಾಡಿ ಪಕ್ಕದಲ್ಲೇ ಹೆಜ್ಜೆ ಹಾಕಿ ನಡೆದ. "ಬರೋಬ್ಬರಿ ಅದ, ನಡ್ರಿ ಹೋಗೋಣ."

ಹನ್ನೆರಡರಿಂದ ನಾಲ್ಕರವರೆಗೆ ಈ ಊರಿನಲ್ಲಿ ಯಾರೂ ಹೊರಗೆ ಕಾಲಿಡುವುದಿಲ್ಲ. ಅತ್ತೆ ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು ಬಡಿಸಿದರು. ಉಂಡು ಎಲ್ಲರೂ ಶಹಾಬಾದ್ ಫರ್ಸಿ ಕಲ್ಲಿನ ನೆಲದ ಮೇಲೆ ಚಾಪೆಯೂ ಇಲ್ಲದೆ ಅಡ್ಡಾದೆವು. ಫೋನ್ ಬಿಸಿಯಾದ ಕತೆ ಕೇಳಿ ಅತ್ತೆ, "ಫ್ರಿಜ್‌ನಾಗ ಇಡ್ರಿ" ಅಂದರು. ಬೇಡವೇ ಬೇಡ. ತಣ್ಣಗಾದ ಫೋನನ್ನು ಹೊರಗೆ ತೆಗೆದ ಕೂಡಲೇ ಒಳಗೆಲ್ಲ ಹನಿ ಕಟ್ಟುತ್ತದೆ. ಕವರ್ ಬಿಚ್ಚಿ ಫರ್ಸಿಯ ಮೇಲಿಟ್ಟರೆ ಸಾಕು. ನಾವೂ ಅದೇ ತಾನೇ ಮಾಡಿದ್ದು.

ಸಂಜೆ ಶರಣಬಸವೇಶ್ವರ ಗುಡಿ, ಕೆರೆಯ ದಂಡೆ, ಆಮೇಲೆ ಸುಸಲಾ ಮತ್ತು ಮಿರ್ಚಿ ಭಜ್ಜಿ. ಭಜ್ಜಿ ಬಂಡಿಯ ಮೇಲೂ ಕ್ಯೂಆರ್ ಕೋಡ್ ಇತ್ತು. ಎಣ್ಣೆ ಕೈಯಲ್ಲಿ ಬೆರಳಚ್ಚು ಹಿಡಿಯಲಿಲ್ಲ. ಹೆಂಡತಿ ಪರ್ಸಿನಿಂದ ನೋಟು ತೆಗೆದು ಕೊಟ್ಟಳು. ಏನೂ ಹೇಳಲಿಲ್ಲ, ನನ್ನ ಬ್ಯಾಗಿನ ಕಡೆ ನೋಡಿದಳು ಅಷ್ಟೇ.

ರಾತ್ರಿ ಐಪಿಎಲ್. ಟ್ಯಾಬ್ಲೆಟ್ ನಿಲ್ಲಿಸಿ ಮನೆಯವರನ್ನೆಲ್ಲ ಸುತ್ತ ಕೂರಿಸಿದೆ. ಚಿತ್ರ ಗಾಜಿನ ಹಾಗೆ ಸ್ಪಷ್ಟ. ಬೌಲರ್ ಇನ್ನೂ ಓಟ ಶುರು ಮಾಡಿರಲಿಲ್ಲ, ಪಕ್ಕದ ಮನೆಯಿಂದ "ಔಟ್!" ಅಂತ ಕೂಗು. ಅವರದು ಡಿಶ್. ನಮ್ಮದು ಇಂಟರ್ನೆಟ್. ಇಂಟರ್ನೆಟ್ಟಿನ ನೇರ ಪ್ರಸಾರವನ್ನು ಸಣ್ಣ ಸಣ್ಣ ತುಂಡು ಮಾಡಿ ಕಳಿಸುತ್ತಾರೆ. ನಮ್ಮ ಸಾಧನ ಕೆಲವು ತುಂಡು ಕೂಡಿಟ್ಟುಕೊಂಡು ಆಮೇಲೆ ತೋರಿಸುತ್ತದೆ, ನಡುವೆ ನಿಲ್ಲಬಾರದಲ್ಲ. ಅದಕ್ಕೇ ಅರ್ಧ ನಿಮಿಷ ಹಿಂದೆ. ಇದನ್ನೆಲ್ಲ ವಿವರಿಸುತ್ತಿದ್ದಾಗ ನಮ್ಮಲ್ಲೂ ವಿಕೆಟ್ ಬಿತ್ತು, ಯಾರೂ ನೋಡಲಿಲ್ಲ. ಹತ್ತು ನಿಮಿಷಕ್ಕೆ ಮಗಳು, ಬಾಮೈದ ಇಬ್ಬರೂ ಪಕ್ಕದ ಮನೆಯಲ್ಲಿದ್ದರು.

ಮೂರನೇ ದಿನ: ಸನ್ನತಿ

ಮಾವ ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರಾಗಿದ್ದು ನಿವೃತ್ತರಾದವರು. ಬೆಳಗ್ಗೆ ಐದೂವರೆಗೇ ರೇಡಿಯೋ ಹಚ್ಚಿ ಸಿದ್ಧರಾಗಿ ಕೂತಿದ್ದರು. ಎರಡು ಸೆಲ್ಲಿನ ಹಳೇ ಸೆಟ್ಟು, ರಬ್ಬರ್ ಬ್ಯಾಂಡ್ ಕಟ್ಟಿದ್ದು. ಆಕಾಶವಾಣಿ ಕಲಬುರಗಿಯಿಂದ ತತ್ವಪದ ಬರುತ್ತಿತ್ತು. ಸೆಲ್ ಎಷ್ಟು ದಿನ ಬರುತ್ತದೆ ಅಂತ ಕೇಳಿದೆ. "ಯಾರ್ ಲೆಕ್ಕ ಇಟ್ಟಾರ" ಅಂದರು. ಒಂದು ಛತ್ರಿ, ಒಂದು ನೀರಿನ ಬಾಟಲಿ, ಅಷ್ಟೇ ಅವರ ಲಗೇಜು.

ಸನ್ನತಿ ಚಿತ್ತಾಪುರ ತಾಲ್ಲೂಕಿನಲ್ಲಿ, ಭೀಮಾ ದಂಡೆಯಲ್ಲಿದೆ. ಕೊನೆಯ ಕೆಲವು ಕಿಲೋಮೀಟರ್ ನೆಟ್‌ವರ್ಕ್ ಇರಲಿಲ್ಲ. ಆಫ್‌ಲೈನ್ ಮ್ಯಾಪ್ ಇಳಿಸಿಕೊಂಡಿದ್ದೆ, ಬೀಗುತ್ತಲೇ ಎಡಕ್ಕೆ ಹೇಳಿದೆ. ಡಾಂಬರು ಹೋಗಿ ಮಣ್ಣು ಬಂತು, ಮಣ್ಣು ಹೋಗಿ ಜಾಲಿ ಬಂತು. ಕುರಿ ಕಾಯುವ ಮುದುಕ ಕಾರು ನಿಲ್ಲಿಸಿ, "ಹಿಂಗೇ ಹೋದ್ರ ಹೊಳ್ಯಾಗ ಬೀಳ್ತೀರಿ" ಅಂದ. ಮಾವ ಕಿಟಕಿ ಇಳಿಸಿ ಅವನ ಹತ್ತಿರ ದಾರಿಯ ಜೊತೆಗೆ ಊರು, ಮನೆತನ, ಮಳೆ ಎಲ್ಲ ಕೇಳಿಕೊಂಡರು. ಆ ದಾರಿ ತಪ್ಪಲಿಲ್ಲ.

ಚಂದ್ರಲಾ ಪರಮೇಶ್ವರಿ ಗುಡಿಯ ಆವರಣ ದೊಡ್ಡದು. 1986ರಲ್ಲಿ ಇಲ್ಲಿನ ಕಾಳಿ ಗುಡಿಯ ಮಾಳಿಗೆ ಕುಸಿಯಿತು. ಮೂರ್ತಿ ಒಡೆಯಿತು. ಅವಶೇಷ ತೆಗೆಯುವಾಗ ನೋಡಿದರೆ ಮೂರ್ತಿ ನಿಲ್ಲಿಸಿದ್ದ ಕೆಳಗಿನ ಕಲ್ಲಿನ ತುಂಬ ಅಕ್ಷರ! ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ, ಅಶೋಕನ ಶಾಸನ. ಎರಡೂ ಬದಿಯಲ್ಲಿ ಬರೆದದ್ದು. ಯಾವ ಕಾಲದಲ್ಲೋ ಯಾರೋ ಅದನ್ನು ಪೀಠಕ್ಕೆ ಒಳ್ಳೇ ಕಲ್ಲು ಅಂತ ತಂದು, ಮೂರ್ತಿ ಕೂರಲಿ ಅಂತ ನಡುವೆ ತೂತು ಕೊರೆದಿದ್ದಾರೆ. ತೂತಿನ ಜಾಗದ ಅಕ್ಷರಗಳು ಹೋದವು. ಉಳಿದದ್ದನ್ನು ಎರಡು ಸಾವಿರದ ಇನ್ನೂರು ವರ್ಷ ದಾಟಿದ ಮೇಲೂ ಓದುತ್ತಾರೆ.

ಮಾವ ಇದನ್ನು ಹೇಳುತ್ತಿದ್ದಾಗ ಎಲ್ಲೋ ಒಂದು ಗೆರೆ ಸಿಗ್ನಲ್ ಬಂದಿರಬೇಕು, ನನ್ನ ಫೋನು ಟಿಂಗ್ ಅಂದಿತು. 'ನಿಮ್ಮ ಕ್ಲೌಡ್ ಜಾಗ ತುಂಬಿದೆ. ದುಡ್ಡು ಕಟ್ಟದಿದ್ದರೆ ಹೊಸ ಫೋಟೋ ಉಳಿಯುವುದಿಲ್ಲ.' ಮಾವನಿಗೆ ಓದಿ ಹೇಳಿದೆ. "ತಿಂಗಳ ತಿಂಗಳ ಕಟ್ಟಬೇಕೇನ್ರಿ?" ಅಂದರು. ಹೌದು ಎಂದೆ. "ಬಾಡಿಗಿ ಮನಿ ಆತಲ್ಲ."

ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಅಗೆದಾಗ ದೊಡ್ಡ ಬೌದ್ಧ ಸ್ತೂಪ ಸಿಕ್ಕಿತು. ಅಲ್ಲಿನ ಒಂದು ಶಿಲ್ಪದಲ್ಲಿ ರಾಜ, ರಾಣಿ, ಛತ್ರಿ ಹಿಡಿದವಳು, ಮೇಲೆ ಬ್ರಾಹ್ಮಿಯಲ್ಲಿ 'ರಾಯೋ ಅಸೋಕೋ'. ಈತ ಅಶೋಕ ಅಂತ ಹೆಸರು ಬರೆದೇ ಕೆತ್ತಿದ ಚಿತ್ರ. ಫೋಟೋಕ್ಕೆ ಕ್ಯಾಪ್ಷನ್ ಹಾಕುವ ಅಭ್ಯಾಸ ನಮ್ಮದೇನೂ ಹೊಸದಲ್ಲ. ಅಲ್ಲಿದ್ದ ಇನ್ನೊಂದು ಕಲ್ಲಿನ ಅಕ್ಷರಕ್ಕೆ ಅನುವಾದದ ಆ್ಯಪ್ ಹಿಡಿದೆ. ಸ್ವಲ್ಪ ಹೊತ್ತು ಗಿರಗಿರ ತಿರುಗಿ 'ಯಾವ ಪಠ್ಯವೂ ಕಂಡುಬಂದಿಲ್ಲ' ಎಂದಿತು. ಮಾವನಿಗೆ ನಾಲ್ಕಾರು ಬ್ರಾಹ್ಮಿ ಅಕ್ಷರ ಗೊತ್ತು. ಮಣ್ಣಿನ ಮೇಲೆ ಛತ್ರಿಯ ತುದಿಯಲ್ಲಿ 'ಕ' ಬರೆದು ತೋರಿಸಿದರು, ಅಧಿಕ ಚಿಹ್ನೆಯ ಹಾಗೆ. 'ಗ' ಅಂದರೆ ಗುಡಾರದ ಹಾಗೆ. ಮಗಳು ಐದು ನಿಮಿಷದಲ್ಲಿ ಕಲಿತಳು.

ಟೀ ಅಂಗಡಿಯಲ್ಲಿ ಸಿಗ್ನಲ್ ಇರಲಿಲ್ಲ, ಯುಪಿಐ ಇಲ್ಲ. ದುಡ್ಡು ಮಾವ ಕೊಟ್ಟರು. ನಾಲವಾರ, ವಾಡಿ, ಶಹಾಬಾದ್ ಮೇಲೆ ವಾಪಸ್ಸು. ಸಿಮೆಂಟಿನ ಧೂಳು, ಕಲ್ಲು ತುಂಬಿದ ಲಾರಿ, ನಿದ್ದೆ.

ನಾಲ್ಕನೇ ದಿನ: ಬೀದರ್

ಬೀದರಿಗೆ ರೈಲಿನಲ್ಲೇ ಹೋಗೋಣ ಎಂದು ಹಟ ಹಿಡಿದೆ. ಕಲಬುರಗಿ–ಬೀದರ್ ಮಾರ್ಗ ಪೂರ್ತಿ ತೆರೆದದ್ದು 2017ರಲ್ಲಿ. ನೂರಾ ಹತ್ತು ಕಿಲೋಮೀಟರಿನ ಈ ದಾರಿಗೆ ಜನ ಎಷ್ಟೋ ವರ್ಷ ಕಾದಿದ್ದರು. ಕಮಲಾಪುರ ದಾಟಿದ ಮೇಲೆ ಗುಡ್ಡ, ಮರಗುತ್ತಿ ಹತ್ತಿರ ಸುರಂಗ. ಕತ್ತಲಾದ ಕೂಡಲೇ ಬೋಗಿಯ ಮಕ್ಕಳೆಲ್ಲ ಒಟ್ಟಿಗೆ ಕೂಗಿದರು. ನನ್ನ ಇಯರ್‌ಬಡ್ಸ್ ಜೇಬಿನಲ್ಲೇ ಇತ್ತು. ಒಳ್ಳೇದಾಯಿತು.

ಬೀದರ್ ಎತ್ತರದಲ್ಲಿದೆ, ಗಾಳಿ ಸ್ವಲ್ಪ ಹಗುರ. ಇಲ್ಲಿ ಡ್ರೋನಿನ ಮಾತೇ ಇಲ್ಲ. ವಾಯುಪಡೆಯ ತರಬೇತಿ ನೆಲೆ ಇರುವ ಊರು. ಬ್ಯಾಗಿನಿಂದ ಹೊರಗೆ ತೆಗೆಯುವುದೇ ಬೇಡ ಅಂತ ಕಲಬುರಗಿಯಲ್ಲೇ ಬಿಟ್ಟಿದ್ದೆ.

ಮಹಮೂದ್ ಗವಾನ್ ಮದರಸಾ 1472ರದ್ದು. ಗವಾನ್ ಇರಾನಿನಿಂದ ಬಂದು ಬಹಮನಿ ಪ್ರಧಾನಿಯಾದವನು. ಮೂರು ಅಂತಸ್ತು, ಓದುವವರಿಗೆ ಕೋಣೆ, ದೊಡ್ಡ ಗ್ರಂಥಾಲಯ. ಔರಂಗಜೇಬನ ಕಾಲದಲ್ಲಿ ಒಳಗೆ ಕೂಡಿಟ್ಟ ಮದ್ದು ಸಿಡಿದು ಮುಂಭಾಗದ ಅರ್ಧ ಹೋಯಿತು ಅನ್ನುತ್ತಾರೆ. ಮುಂದಿನ ಎರಡು ಮಿನಾರಿನಲ್ಲಿ ಒಂದೇ ಉಳಿದಿದೆ. ಅದರ ಮೇಲೆ ನೀಲಿ, ಹಸಿರು ಹೆಂಚಿನ ಬಿಲ್ಲೆಗಳು ಅಂಕುಡೊಂಕು ಸಾಲಾಗಿ ಸುತ್ತಿ ಏರುತ್ತವೆ. ಐದು ಪಟ್ಟು ಝೂಮ್ ಮಾಡಿದರೆ ಒಂದೊಂದು ಬಿಲ್ಲೆಯ ಮೆರುಗೂ ಕಾಣುತ್ತದೆ. ಟೆಲಿಫೋಟೋ ಲೆನ್ಸಿಗೆ ಜಾಸ್ತಿ ದುಡ್ಡು ಕೊಟ್ಟದ್ದಕ್ಕೆ ಪ್ರವಾಸದಲ್ಲಿ ಒಮ್ಮೆಯಾದರೂ ಪಶ್ಚಾತ್ತಾಪ ಇಲ್ಲದ ಕ್ಷಣ ಅಂದರೆ ಅದೇ.

ಕೋಟೆಯಲ್ಲಿ ರಂಗೀನ್ ಮಹಲಿಗೆ ಬೀಗ. ಕೇಳಿಕೊಂಡ ಮೇಲೆ ತೆಗೆದು ತೋರಿಸಿದರು. ಕಪ್ಪು ಕಲ್ಲಿನ ಒಳಗೆ ಮುತ್ತಿನ ಚಿಪ್ಪು ಕೂರಿಸಿದ ಬಳ್ಳಿ. ನಿಂತ ಜಾಗ ಬದಲಿಸಿದರೆ ಬಣ್ಣ ಬದಲಾಗುತ್ತದೆ. ಫೋಟೋದಲ್ಲಿ ಬರೀ ಬಿಳಿ. ವಿಡಿಯೋದಲ್ಲಿ ಒಂಚೂರು ಬಂತು.

ಹೆಚ್ಚು ಹೊತ್ತು ಕೂತದ್ದು ಮಾತ್ರ ಒಂದು ಬಿದ್ರಿ ಕಾರ್ಖಾನೆಯಲ್ಲಿ. ಕಾರ್ಖಾನೆ ಅಂದರೆ ಗಲ್ಲಿಯೊಳಗಿನ ಹತ್ತು ಅಡಿ ಕೋಣೆ. ಸತುವಿನ ಜೊತೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದ ಹೂಜಿ. ನಯ ಮಾಡಿ, ಮೈಲುತುತ್ತ ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ, ಗೆರೆ ಎಳೆದರೆ ಕಾಣಲಿ ಅಂತ. ಉಳಿಯಿಂದ ಗೆರೆ ಕೊರೆದು, ಕೂದಲಿನಷ್ಟು ತೆಳು ಬೆಳ್ಳಿ ತಂತಿಯನ್ನು ಅದರೊಳಗೆ ಸುತ್ತಿಗೆಯಿಂದ ಕೂರಿಸುತ್ತಾರೆ. ಟಕ್, ಟಕ್, ಟಕ್. ಕೆಲಸ ಮಾಡುತ್ತಿದ್ದ ಚಾಚಾ ಕನ್ನಡಕವನ್ನು ಹಣೆಗೆ ಏರಿಸಿಕೊಂಡಿದ್ದರು. ಹತ್ತಿರದ ಕೆಲಸಕ್ಕೆ ಬೇಡವಂತೆ.

ಕೊನೆಯ ಹಂತ ಮಣ್ಣು. ಬೀದರ್ ಕೋಟೆಯ ಒಳಗಿನ, ಮಳೆ ಬಿಸಿಲು ಕಾಣದ ಹಳೇ ಮಣ್ಣು. ಅದಕ್ಕೆ ನವಸಾಗರ ಎಂಬ ಉಪ್ಪು ಸೇರಿಸಿ, ಕಲಸಿ, ಪಾತ್ರೆಗೆ ಹಚ್ಚಿದರೆ ಸತು ಇದ್ದಲ್ಲೆಲ್ಲ ಕಡುಕಪ್ಪು. ಬೆಳ್ಳಿಗೆ ಏನೂ ಆಗುವುದಿಲ್ಲ, ಇನ್ನೂ ಹೊಳೆಯುತ್ತದೆ. ಒಳ್ಳೇ ಮಣ್ಣು ಹೇಗೆ ಗೊತ್ತಾಗುತ್ತದೆ ಅಂತ ಕೇಳಿದೆ.

"ನಾಲಗಿ ಮ್ಯಾಲ ಇಟ್ಟು ನೋಡ್ತೀವ್ರಿ ಸಾಬ್."

ಮೀಟರು ಇಲ್ಲವಾ? ಚಾಚಾ ನಾಲಗೆ ತೋರಿಸಿ ನಕ್ಕರು. ನನ್ನ ಫೋನಿನ ಹಿಂಭಾಗದ 'ಮ್ಯಾಟ್ ಬ್ಲ್ಯಾಕ್' ಬಣ್ಣಕ್ಕೆ ಎರಡು ಸಾವಿರ ಜಾಸ್ತಿ ಕೊಟ್ಟಿದ್ದೆ, ಎಂಟು ತಿಂಗಳಿಗೇ ಮೂಲೆ ಬೆಳ್ಳಗಾಗಿದೆ. ಚಾಚಾ ಅದನ್ನು ತಿರುಗಿಸಿ ನೋಡಿ, ಉಗುರಿನಿಂದ ಕೆರೆದು, ಏನೂ ಹೇಳದೆ ವಾಪಸ್ ಕೊಟ್ಟರು. ಬಿದ್ರಿಗೆ 2006ರಿಂದ ಭೌಗೋಳಿಕ ಗುರುತು ಇದೆ, 2023ರಲ್ಲಿ ಬಿದ್ರಿ ಕಲಾವಿದ ಶಾ ರಶೀದ್ ಅಹಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ಗಲ್ಲಿಯಲ್ಲಿ ಎಲ್ಲರೂ ಅವರ ಹೆಸರು ಹೇಳುತ್ತಾರೆ. ಹೆಂಡತಿ ಒಂದು ಸಣ್ಣ ಡಬ್ಬಿ ಕೊಂಡಳು.

ಸಂಜೆ ಝರಣಿ ನರಸಿಂಹ. ಗುಹೆಯೊಳಗೆ ಎದೆಮಟ್ಟದ ನೀರಿನಲ್ಲಿ ನಡೆದು ದೇವರ ದರ್ಶನ, ತಲೆಯ ಮೇಲೆ ಬಾವಲಿ. ನನ್ನ ಫೋನ್ ಐಪಿ68, ಅಂದರೆ ನೀರಿನಲ್ಲಿ ಮುಳುಗಿದರೂ ತಡೆಯುತ್ತದೆ ಅಂತ ಪರೀಕ್ಷೆ ಮಾಡಿ ಕೊಟ್ಟ ಗುರುತು. ಆದರೂ ಬಾಮೈದನ ಕೈಗೆ ಕೊಟ್ಟೆ. ಆ ಪರೀಕ್ಷೆ ಮಾಡುವುದು ನಿಂತ ಶುದ್ಧ ನೀರಿನಲ್ಲಿ, ಹೊಸ ಫೋನಿನ ಮೇಲೆ. ನೀರು ಹೊಕ್ಕರೆ ಸಾಮಾನ್ಯವಾಗಿ ವಾರಂಟಿ ಇಲ್ಲ. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋದೆ. ಎರಡೂ ಕೈ ಖಾಲಿ ಇದ್ದದ್ದು ನಾಲ್ಕು ದಿನದಲ್ಲಿ ಅದೇ ಮೊದಲು.

ಐದನೇ ದಿನ: ಹೊಲ

ರಾತ್ರಿ ರೈಲಿಗೆ ಟಿಕೆಟ್ ಇತ್ತು. ಡ್ರೋನ್ ಇನ್ನೂ ಚೀಲದಲ್ಲಿತ್ತು. ಬೆಳಗ್ಗೆ ಮಾವನೇ ಕೇಳಿದರು: "ಅಳಿಯಾರ, ಅದು ಹೊಲದ ಮ್ಯಾಲ ಹಾರ್ತದೇನು?"

ಆಳಂದ ಕಡೆ ಅವರ ಐದು ಎಕರೆ. ಡ್ರೋನ್ ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿದೆ, ಹಸಿರು ವಲಯ. 2021ರ ನಿಯಮದ ಪ್ರಕಾರ ಅಲ್ಲಿ 400 ಅಡಿಯವರೆಗೆ ಪ್ರತ್ಯೇಕ ಅನುಮತಿ ಬೇಡ. 250 ಗ್ರಾಂ ಒಳಗಿನದಕ್ಕೆ ಪೈಲಟ್ ಪರವಾನಗಿಯೂ ಬೇಡ. ಡ್ರೋನ್ ಕೈಪಿಡಿಯಲ್ಲಿ 40 ಡಿಗ್ರಿ ಮೀರಬಾರದು ಅಂತಿದೆ. ಅದಕ್ಕೇ ಆರೂವರೆಗೇ ಹೊಲದಲ್ಲಿದ್ದೆವು.

ತೊಗರಿ ಕೊಯ್ದು ತಿಂಗಳುಗಳಾಗಿದ್ದವು. ಕಪ್ಪು ನೆಲ, ಬಿರುಕು, ನಡುವೆ ಒಂದು ಬೇವಿನ ಗಿಡ. ಡ್ರೋನ್ ಜೇನಿನ ಹಾಗೆ ಗುಂಯ್‌ಗುಟ್ಟಿ ಏರಿತು. ಪರದೆಯ ಮೇಲೆ ಬಿಸಿಲು ಬೀಳದ ಹಾಗೆ ಮಾವ ಛತ್ರಿ ಹಿಡಿದರು. ಮೊದಲು ಬೇವಿನ ಗಿಡ ಹುಡುಕಿದರು. ಆಮೇಲೆ ಬಾವಿ. ಆಮೇಲೆ ಸ್ವಲ್ಪ ಹೊತ್ತು ಮಾತಿಲ್ಲ.

"ಆ ಬದು ಸೊಟ್ಟ ಕಾಣ್ಲತ್ತದಲ್ಲ?"

ಪಕ್ಕದ ಹೊಲದ ಕಾಕಾನೂ ಆ ಹೊತ್ತಿಗೆ ಬಂದು ನಿಂತಿದ್ದರು. ಮಾವ ಅವರ ಕಡೆ ನೋಡಿದರು. "ಹತ್ತು ವರ್ಷದಿಂದ ಹೇಳ್ಲತ್ತೀನಿ, ನೀನು ಒಳಗ ಬಂದೀದಿ ಅಂತ."

ಅಗಲ ಲೆನ್ಸು ಅಂಚಿನ ಗೆರೆಗಳನ್ನು ಬಗ್ಗಿಸಿ ತೋರಿಸುತ್ತದೆ, ತಡೀರಿ, ಬದುವನ್ನು ನಡುವೆ ತರುತ್ತೇನೆ ಅಂದೆ. ಡ್ರೋನನ್ನು ಸರಿಯಾಗಿ ಬದುವಿನ ತಲೆಯ ಮೇಲೆ ನಿಲ್ಲಿಸಿ ಕ್ಯಾಮೆರಾ ನೇರ ಕೆಳಗೆ ಮಾಡಿದೆ. ಇಬ್ಬರೂ ಬಗ್ಗಿ ನೋಡಿದರು. ಬದು ಈಗಲೂ ಸೊಟ್ಟವೇ ಇತ್ತು. ಹೊಟ್ಟೆ ಬಂದದ್ದು ಮಾತ್ರ ಕಾಕಾನ ಹೊಲದ ಕಡೆಗೆ.

ಕಾಕಾ ಮೀಸೆಯ ಮೇಲೆ ಕೈ ಇಟ್ಟುಕೊಂಡರು. ಮಾವ ನಿಧಾನವಾಗಿ ಛತ್ರಿ ಮಡಚಿದರು.

"ಬ್ಯಾಟರಿ ಮುಗ್ದಿರಬೇಕು ಅಳಿಯಾರ, ಇಳಸ್ರಿ," ಅಂದರು.

ಇನ್ನೂ ಶೇಕಡಾ 61 ಇತ್ತು. ಇಳಿಸಿದೆ.